ಹೆಸರು ಬೇಡವಾದ ಸೊಸೆ

"ಫೋಟೋ ಕಳಸ್ರಿ," ಎಂದ ಮುಂಬೈಯ ದಲ್ಲಾಳಿ.

"ಅಕಿ ಫೋಟೋ ನನ್ನ ಹತ್ರ ಇಲ್ಲ," ಎಂದ ನೀಲಕಂಠಪ್ಪ.

"ಹೆಸರಾರ ಹೇಳ್ರಿ."

ಸೊಸೆಯನ್ನು ಕೊಲ್ಲಿಸಲು ಹೇಸದ ಮನುಷ್ಯನಿಗೆ ಅವಳ ಹೆಸರು ಹೇಳಿದರೆ ಬಾಯಿ ಮೈಲಿಗೆಯಾಗುತ್ತಿತ್ತು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹತ್ತಿ ವ್ಯಾಪಾರಿ ನೀಲಕಂಠಪ್ಪನ ಎದುರು ಎಂಥವರೂ ದನಿ ತಗ್ಗಿಸುತ್ತಿದ್ದರು. ಒಬ್ಬನೇ ಮಗ ಶಿವಯೋಗೀಶ ಮಾತ್ರ ತಗ್ಗಿಸಲಿಲ್ಲ. ಧಾರವಾಡದ ಸಪ್ತಾಪುರದ ಮಯೂರಿಯನ್ನು ಮದುವೆಯಾದ. ಜಾತಿ ಬೇರೆ. ಅವತ್ತು ಅಪ್ಪ ಮಗನನ್ನು ಬೆಲ್ಟಿನಿಂದ ರಕ್ತ ಬರುವಂತೆ ಹೊಡೆದ. ಆಮೇಲೆ ಆಳುಗಳನ್ನು ಬಿಟ್ಟು ಮಯೂರಿಯ ಅಣ್ಣ ಪ್ರತಾಪನ ಎರಡೂ ಕೈ ಮುರಿಸಿದ. ಮಗ ಬಗ್ಗಲಿಲ್ಲ, ಮನೆ ಬಿಟ್ಟು ಧಾರವಾಡಕ್ಕೇ ಹೋದ.

ಹೊಡೆದ ಕೈಯಿಂದಲೇ ನೀಲಕಂಠಪ್ಪ ಮಗನಿಗಾಗಿ ಕಣ್ಣೊರೆಸಿಕೊಂಡದ್ದೂ ಉಂಟು, ಸುಳ್ಳಲ್ಲ. ಅವಳೊಬ್ಬಳು ಇಲ್ಲದಿದ್ದರೆ ಮಗ ಮನೆಗೆ ಮರಳುತ್ತಾನೆ. ಅಪ್ಪನಿಗೆ ಬೇಕಾದದ್ದು ಅದೊಂದೇ.

ಈಗ ಸಂದು ಸಿಕ್ಕಿತ್ತು. ಮಯೂರಿ ಕಾಲೇಜಿನಲ್ಲಿ ಪಾಠ ಹೇಳುವವಳು. ಸಮ್ಮೇಳನಕ್ಕೆಂದು ವಿಯೆನ್ನಾಕ್ಕೆ ಹೊರಟವಳ ಜೊತೆ ಗಂಡನೂ, ತಾಯಿ ಸುಜಾತಾಳೂ ಹೋಗಿದ್ದರು. ಅದು ಮುಗಿದ ಮೇಲೆ ಮೂವರೂ ಮಗನೇ ಓಡಿಸುವ ಬಾಡಿಗೆ ಕಾರಿನಲ್ಲಿ ಆಸ್ಟ್ರಿಯಾ, ಹಂಗೇರಿ, ಸ್ಲೊವಾಕಿಯಾ ಎಂದು ಸುತ್ತುತ್ತಿದ್ದರು. ಧಾರವಾಡದಲ್ಲಿ ಹೆಣ ಬಿದ್ದರೆ ಪೊಲೀಸರು ನೆಟ್ಟಗೆ ನೀಲಕಂಠಪ್ಪನ ಬಾಗಿಲಿಗೇ ಬರುತ್ತಾರೆ. ಅಷ್ಟು ದೂರದಲ್ಲಿ ಬಿದ್ದರೆ ಕಳ್ಳರ ಕೆಲಸ.

"ಬಿಳಿ ಗಾಡಿ. ಮುಂದ, ಎಡಕ್ಕ ಕುಂತವರನ್ನ ಮುಗಸ್ರಿ," ಎಂದ ನೀಲಕಂಠಪ್ಪ. "ಬಲಕ್ಕ ಕುಂತವರಿಗೆ ಒಂದು ಗೀರೂ ಬೀಳಬಾರ್ದು. ಹಾವು ಸಾಯಬೇಕು, ಕೋಲು ಮುರೀಬಾರ್ದು."

"ಅಲ್ಲೀ ಮಂದಿಗೆ ಯಾರು ಏನು ಅಂತ ಬೇಕಾಗಿಲ್ರಿ. ಎಡಕ್ಕ ಅಂದ್ರ ಎಡಕ್ಕ."

ಸಂಜೆ ಹೆಂಡತಿ ಸಂಗವ್ವ ಫೋನ್ ಹಿಡಿದು ಬಂದಳು. "ಇಲ್ನೋಡ್ರಿ, ನಿಮ್ಮ ಮಗ ಗಾಡ್ಯಾಗ ಹೆಂಗ ಕುಂತಾನ."

ಫೋಟೋದಲ್ಲಿ ಅವಳೂ ಇರುತ್ತಾಳಲ್ಲ. ಅವನು ಮುಖ ತಿರುಗಿಸಿದ. "ತಗೀ ಅತ್ತಾಗ."

"ಆ ಹುಡುಗಿ ನಿಮಗೇನ್ ಮಾಡ್ಯಾಳ್ರಿ? ಅಷ್ಟು ದೂರ ಇದ್ರೂ ದಿನಾ ನನ್ನ ಉಂಡ್ರೇನು ಅಂತ ಕೇಳ್ತಾಳ."

ಸಂಗವ್ವ ರೊಟ್ಟಿ ಬಡಿಯಲು ಕೂತಾಗ ನೀಲಕಂಠಪ್ಪ ಅವಳ ಫೋನ್ ತೆರೆದು, ಮಗ ತಾಯಿಗೆ ಕಳಿಸಿದ್ದ ಲೊಕೇಶನ್ನನ್ನು ಮುಂಬೈಗೆ ದಾಟಿಸಿದ.

ಮರುದಿನ ಸಂಜೆ ದಲ್ಲಾಳಿಯ ಫೋನ್ ಬಂತು. "ಕೆಲಸ ಆತ್ರಿ. ಎರಡು ಗುಂಡು. ಎಡಕ್ಕ ಕುಂತವರು ಕುಂತಲ್ಲೇ ಹೋದ್ರು. ಬಲಕ್ಕ ಇದ್ದವರಿಗೆ ಏನೂ ಆಗಿಲ್ಲ."

ನೀಲಕಂಠಪ್ಪ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡ. ಇಂಥವರಿಗೆ ದೇವರೂ ಬೇಕು ನೋಡಿ. ಮಗನಿಗೆ ಏನು ಹೇಳಬೇಕು, ದನಿ ಎಲ್ಲಿ ನಡುಗಿಸಬೇಕು ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡ.

ಸಂಗವ್ವನ ಫೋನ್ ರಿಂಗಾಯಿತು. ಎತ್ತಿಕೊಂಡವಳು ಒಮ್ಮೆ ಚೀರಿ ನೆಲಕ್ಕೆ ಕುಸಿದಳು. ಆ ಹುಡುಗಿಗಾಗಿ ಇವಳಿಗೆ ಇಷ್ಟು ಸಂಕಟವೇ ಎಂದು ಅವನಿಗೆ ರೇಗಿತು. ಫೋನ್ ಕಸಿದುಕೊಂಡ.

"ಶಿವಯೋಗಿ, ನಾನಪ್ಪಾ, ನಿಮ್ಮಪ್ಪ. ಅಳಬ್ಯಾಡ. ಆಗಿದ್ದಾತು, ಮನೀಗೆ ಬಾ."

"ಮಾವಾರ, ನಾನ್ರಿ, ಮಯೂರಿ."

"ಅಂವ ಎಲ್ಲಿ? ಅವನ ಕೈಯಾಗ ಫೋನ್ ಕೊಡು."

"ಗಾಡಿ ಓಡಸಾಕತ್ತಿದ್ರು. ಸಿಗ್ನಲ್ಲಿಗೆ ನಿಂತಿದ್ವಿ. ಯಾರೋ ಬಂದು ಗುಂಡು ಹೊಡದ್ರು. ನನ್ನ ತೊಡಿ ಮ್ಯಾಲೇ ಜೀವ ಬಿಟ್ರು, ಮಾವಾರ."

"ಸುಳ್ಳು. ಅಂವ ಬಲಕ್ಕಿದ್ದ. ಗಾಡಿ ಓಡಸಾಂವ ಬಲಕ್ಕಲ್ಲ ಇರೂದು?"

ಸಂಗವ್ವ ನೆಲದಿಂದ ತಲೆಯೆತ್ತಿ ಗಂಡನನ್ನು ನೋಡಿದಳು.

"ಇಲ್ರಿ," ಎಂದಳು ಮಯೂರಿ. "ಬಲಕ್ಕ ನಾ ಕುಂತಿದ್ದೆ. ಈ ದೇಶದಾಗ ಗಾಡಿ ಓಡಸೋರು ಎಡಕ್ಕ ಕುಂಡ್ರತಾರ್ರಿ."