ಹಿಮ್ಮೇಳದ ಮಾಯಪ್ಪ

ಎಪ್ಪತ್ತು ದಾಟಿದ ಕಾಶವ್ವ ವೇದಿಕೆಯ ಮೇಲೆ ತಾನೇ ಕಟ್ಟಿದ ಗೀಗೀ ಪದ ಹಾಡುತ್ತಿದ್ದಳು: ‘ಉಸಿರು ಇರೂತನಕ ಬಿಡಂಗಿಲ್ಲ, ಹಾಡು ನಾ ಬಿಡಂಗಿಲ್ಲ.’ ದನಿ ಒಡೆದಿತ್ತು. ಬೆವರಿಗೆ ತಲೆಯ ಕಪ್ಪು ಬಣ್ಣ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ನಲವತ್ತು ವರ್ಷಗಳಿಂದ ಅವಳ ಹಿಂದೆ ನಿಂತು ಹಿಮ್ಮೇಳ ಹಾಡುತ್ತ ಬಂದ ಮಾಯಪ್ಪನಿಗೆ ಅದನ್ನು ನೋಡಿ ಹೇಸಿಗೆಯಾಯಿತು. ಪದ ಮುಗಿದದ್ದೇ ಪರದೆಯ ಹಿಂದೆ ಹೋಗಿ ಕ್ಯಾಕರಿಸಿ ಉಗುಳಿ, ಸಂಘಟಕರನ್ನು ಬದಿಗೆ ಕರೆದ.

“ಇಕಿಗೊಂದು ಶಾಲು ಹೊದಿಸಿ ಮನಿಗೆ ಕಳಸ್ರಿ, ಸಾಹೇಬ್ರ. ಅಸಹ್ಯ ಆಗ್ತೈತಿ. ಮುಂದಿನ ವರ್ಷ ನಾನ ಮುಂದ ನಿಂತು ಹಾಡ್ತೇನಿ.”

ಸಂಘಟಕರು ದನಿ ತಗ್ಗಿಸಿ ಹೇಳಿದರು:

“ನಿಮ್ಮನ್ನ ಬಿಟ್ಟು ಒಬ್ಬಾಕಿನ ಬಾ ಯವ್ವಾ ಅಂತ ಐದು ವರ್ಷದಿಂದ ಆಕಿಗೆ ಹೇಳಾಕತ್ತೇವಿ. ಮಾಯಪ್ಪ ಇಲ್ಲಂದ್ರ ನಾನೂ ಬರಂಗಿಲ್ಲ ಅಂತಾಳ್ರಿ.”