ದೀಪದ ಪಟ್ಟಿ

ಅವತ್ತು ಬೆಳಗ್ಗೆಯಿಂದ ಮೋಡ ಕವಿದೇ ಇತ್ತು, ಒಂದು ಹನಿಯೂ ಉದುರಿರಲಿಲ್ಲ. ಸ್ಟುಡಿಯೊಗೆ ಬಂದವನು ತನ್ನ ತಂದೆಯ ಕಟ್ಟು ಹಾಕಿಸಿದ ಫೋಟೊ ಕೊಟ್ಟು, ಶ್ರದ್ಧಾಂಜಲಿ ವಿಡಿಯೊ ಮಾಡಿಕೊಡಿ ಎಂದ. ಸ್ಟುಡಿಯೊ ನಡೆಸುವ ನೀಲಾಂಬಿಕೆ ತನ್ನ ವಾಡಿಕೆಯಂತೆ ಫೋಟೊಗೆ ಒಂದು ಸೇವಂತಿಗೆ ಏರಿಸಿ, ಊದುಬತ್ತಿ ಹಚ್ಚಿ, ಶರಣು ಮಾಡಿ, ಆಮೇಲೆಯೇ ಕಂಪ್ಯೂಟರಿನ ಮುಂದೆ ಕೂತಳು. ವಿಡಿಯೊ ಜೋಡಿಸುವ ಟೈಮ್‌ಲೈನಿನಲ್ಲಿ ಹೂಮಾಲೆಗೊಂದು ಪಟ್ಟಿ, ಮುಖಕ್ಕೊಂದು ಪಟ್ಟಿ, ಎಲ್ಲದರ ಕೆಳಗೆ ದೀಪದ ಪಟ್ಟಿ. ದೀಪದ್ದನ್ನು ವಿಡಿಯೊದ ಕೊನೆಯ ತನಕ ಎಳೆದಳು.

"ಅಷ್ಟುದ್ದ ಯಾಕ್ರಿ ಅಕ್ಕಾರ? ನೋಡೋ ಮಂದಿಗೆ ಬ್ಯಾಸರ ಬರ್ತೈತಿ. ಲಗೂನ ಆರಿಸಿಬಿಡ್ರಿ."

"ಹಿರೀ ಜೀವದ ದೀಪರೀ ಅಣ್ಣಾರ, ನಾವು ಆರಿಸಬಾರದು. ಕಡೀತನಕ ಉರೀಲಿ."

ಅವನು ಗಡಿಯಾರ ನೋಡಿಕೊಂಡ. "ನಿಮ್ಮ ಖುಷಿ. ಒಟ್ಟ ಇವತ್ತ ತಯಾರಾಗಬೇಕು ನೋಡ್ರಿ."

ಹುಟ್ಟಿದ ದಿನಾಂಕ ಬರೆದು ಅವಳು ಕೇಳಿದಳು, "ಲಿಂಗೈಕ್ಯರಾದ ತಾರೀಕು ಹೇಳ್ರಿ."

"ಅದೊಂದ ಖಾಲಿ ಬಿಡ್ರಿ. ಡಾಕ್ಟರು ಇನ್ನೆರಡು ದಿನ ಅಂದಾರ. ಫೋನ್ ಮಾಡಿ ಹೇಳ್ತೀನಿ."

ನೀಲಾಂಬಿಕೆ ಎದ್ದು ಊದುಬತ್ತಿ ಆರಿಸಿದಳು. ಫೋಟೊದ ಮೇಲಿನ ಹೂ ತೆಗೆದು, ಗಾಜನ್ನು ಸೆರಗಿನಿಂದ ಒರೆಸಿ, ಅವನ ಕೈಗೆ ವಾಪಸು ಕೊಟ್ಟಳು.