ಕಿಟಕಿಯಾಚೆಯ ಅತ್ತೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಜಗತ್ತಿನ ಗಾದೆ. ಜ್ವರ ಇದ್ದಷ್ಟು ಕಂಬಳಿ ಹೊದಿಸು ಎಂಬುದು ಕೊಡ್ಲಿ ಎಂಬ ಊರಿನ ತುಳಜಾಬಾಯಿಯ ಗಾದೆ. ಅದು ಅವಳ ಮಗನನ್ನೇ ನುಂಗಲು ಹೊರಟಿತ್ತು. ಇದು ಖರೇ ನಡೆದದ್ದು. ಸುಳ್ಳು ಸೇರಿಸಲು ಜಾಗವೇ ಸಿಗಲಿಲ್ಲ.

ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಬಿದ್ದು ಅವಳ ಮಗ ಲಾಲಪ್ಪನ ಪಾದ ಜಜ್ಜಿತ್ತು. ಗಾಯ ಕೀವಾಗಿ, ದವಾಖಾನೆಗೆ ತರುವಷ್ಟರಲ್ಲಿ ಮೈ ಕಾದ ಹಂಚು. ಸಲೈನು ಏರಿಸಿದ ಡಾಕ್ಟರು ಅವನ ಹೆಂಡತಿ ಸುಂದರಮ್ಮನಿಗೆ ಹೇಳಿದರು: "ಗಾಯದ ನಂಜು ರಕ್ತಕ್ಕ ಸೇರ್ಯದ. ಬಿಪಿ ಬಿದ್ದದ. ಇಷ್ಟು ಜ್ವರದಾಗ ಹೃದಯ ಓಡಿ ಓಡಿ ಸೋಲ್ತದವ್ವ. ಕಂಬಳಿ ತೆಗೀರಿ, ಒದ್ದಿ ಬಟ್ಟಿಲೆ ಮೈ ಒರಸ್ರಿ. ಔಷಧ ತನ್ನ ಕೆಲಸ ಮಾಡ್ಲಿ."

ನರ್ಸು ಕಂಬಳಿ ತೆಗೆದು ಹೋದಳು. ಸುಂದರಮ್ಮ ಮತ್ತೆ ಹೊದಿಸಿದಳು.

"ಏನ್ ಮಾಡ್ಲಿಕತ್ತೀರಿ ವೈನಿ?" ಎಂದ ಲಾಲಪ್ಪನ ಗೆಳೆಯ ಅಬ್ದುಲ್ ಮಜೀದ. ಗುಲಬರ್ಗಾ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಪೂರಾ ಕ್ಲಾಸನ್ನು ಎದ್ದು ನಿಲ್ಲಿಸಿದ್ದ ಭೂಪ ಅವನು.

"ಬೆವರು ಬರೋತನಾ ತೆಗೀಬ್ಯಾಡಂತ ಅತ್ತಿ ಹೇಳ್ಯಾರ. ನಾ ತೆಗದು, ಇವರಿಗೆ ಏನರ ಆದ್ರ, ಆ ಮನ್ಯಾಗ ನನಗ ಜಾಗ ಇರ್ತದೇನು?"

ಮಜೀದ ಹೊರಬಿದ್ದ. ದವಾಖಾನೆ ಎಂದರೆ ಮೈಲಿಗೆ ಎನ್ನುವ ತುಳಜಾಬಾಯಿ ಒಳಗೆ ಕಾಲಿಡದೆ ಕಿಟಕಿಯಾಚೆ ನಿಂತೇ ಹುಕುಂ ಹೊರಡಿಸುತ್ತಿದ್ದಳು. ಆಗ ರೊಟ್ಟಿ ಬಡಿಯಲು ನೆಂಟರ ಮನೆಗೆ ಹೋಗಿದ್ದಳು. ಸುಂದರಮ್ಮನೋ, ಅತ್ತೆಯ ದನಿ ಕೇಳಿದರೆ ಮುಖದ ಮೇಲೆ ಸೆರಗೆಳೆದು ತಲೆ ತಗ್ಗಿಸುವವಳು. ಕಿಟಕಿಯ ಕೆಳಗಿನಿಂದ ಮುದುಕಿಯ ಗೊಗ್ಗರು ಕೆಮ್ಮು ಬಂತು.

"ಸುಂದ್ರಾ, ಆ ಕಂಬಳಿ ತೆಗಿ ನನ್ನ ಮಗಳ. ಡಾಕ್ಟರ್ ಹೇಳಿದಂಗ ಮೈ ಒರಸು."

ಸೆರಗು ಇಳಿಯಿತು, ಕಂಬಳಿಯೂ. ಸಂಜೆಯ ಹೊತ್ತಿಗೆ ಜ್ವರ ತಗ್ಗಿತು. ಕೈಗೆ ಸಿಗದಿದ್ದ ನಾಡಿ ಮೆಲ್ಲಗೆ ಸಿಕ್ಕಿತು. ರೊಟ್ಟಿ ಗಂಟು ಹಿಡಿದು ಬಂದ ತುಳಜಾಬಾಯಿ ಕಿಟಕಿಯಲ್ಲಿ ಗುಡುಗಿದಳು: "ಕಂಬಳಿ ಯಾರ ತೆಗಿಸಿದ್ರು?"

"ನೀವೇ ಹೇಳಿದ್ರಲ್ರಿ ಅತ್ತಿ."

ಮುದುಕಿ ಒಳಗೆ ಇಣುಕಿದಳು. ಮಗ ಕಣ್ಣು ಬಿಟ್ಟು ನೀರು ಕೇಳುತ್ತಿದ್ದ.

"ಹೂಂ, ನಾನೇ ಹೇಳಿದ್ದೆ," ಎಂದಳು. ಸಾಯುವ ತನಕ ಊರಿಗೆಲ್ಲ ಹಾಗೆಯೇ ಹೇಳಿಕೊಂಡು ತಿರುಗಿದಳು.

ಅವಳು ಹೋಗಿ ಎಷ್ಟೋ ವರ್ಷವಾದ ಮೇಲೆ, ಲಾಲಪ್ಪನ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಮಜೀದ ಮುದುಕಿಯ ಆ ದನಿಯನ್ನು ಮತ್ತೆ ತೆಗೆದು ಗುಟ್ಟು ಬಿಟ್ಟುಕೊಟ್ಟ. ಲಾಲಪ್ಪ ನಕ್ಕ. ಸುಂದರಮ್ಮ ಓಣಿಗೆಲ್ಲ ಕೇಳುವಂತೆ ನಕ್ಕಳು.

"ನನ್ನ ಮಗಳ ಅಂದಾಗೇ ಗೊತ್ತಾತಪ್ಪ. ನಮ್ಮತ್ತಿ ನನಗ ಒಮ್ಮೆರ ಹಂಗ ಅಂದಿದ್ರೇನು?"

"ಗೊತ್ತಿದ್ದೂ ಯಾಕ ತೆಗದ್ರಿ ವೈನಿ?"

ನಕ್ಕು ನಕ್ಕು ಬಂದ ಕಣ್ಣೀರನ್ನು ಅವಳು ಒರೆಸಿಕೊಂಡಳು.

"ತೆಗೀಲಿಕ್ಕ ನನಗ ಅತ್ತಿ ಬೇಕಿರ್ಲಿಲ್ಲೋ ಮಜೀದ. ಅತ್ತಿ ದನಿ ಸಾಕಿತ್ತು."